ಕಳಸಕ್ಕಿಂತ ಎತ್ತರದ ಟಾಕಿ

ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾದ ಹೊಸದರಲ್ಲಿ ನಮ್ಮನ್ನೆಲ್ಲ ತರಬೇತಿಗೆಂದು ಕೊಪ್ಪಳಕ್ಕೆ ಕರೆಸಿದ್ದರು. ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯಿಂದ ಬಂದ ಅಧ್ಯಕ್ಷೆಯರು ಸಭಾಂಗಣದ ಒಳಗೆ ಕುಳಿತಿದ್ದೆವು. ನಮ್ಮ ಗಂಡಂದಿರು ಹೊರಗೆ ಬೇವಿನ ಮರದ ಕೆಳಗೆ ಕುಳಿತು ನಮ್ಮ ಪಂಚಾಯ್ತಿಗಳನ್ನು ನಡೆಸುತ್ತಿದ್ದರು. ಮೊದಲು ಗಣಪತಿಯ ಸ್ತುತಿ ಆಯಿತು. ಆಮೇಲೆ ದೀಪ ಹಚ್ಚಿದರು. ಅದು ಆರಿತು. ಶಕುನ ಸರಿಯಿಲ್ಲವೆಂದು ಫ್ಯಾನು ಬಂದ್ ಮಾಡಿಸಿ ಮತ್ತೆ ಹಚ್ಚಿದರು. ಇಷ್ಟೆಲ್ಲ ಮುಗಿದ ಮೇಲೆ ಸಾಹೇಬರೊಬ್ಬರು ಎದ್ದು ನಿಂತು, ಆಡಳಿತದೊಳಗೆ ಧರ್ಮ ಬರಬಾರದು ಎಂಬ ವಿಷಯದ ಮೇಲೆ ಊಟದ ಹೊತ್ತಿನವರೆಗೆ ಮಾತಾಡಿದರು. ಒಳ್ಳೆಯ ಮಾತುಗಳನ್ನೇ ಆಡಿದರು. ಕೊನೆಗೆ ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಿ ಎಂದರು. ನನ್ನ ಹತ್ತಿರ ಒಂದು ಪ್ರಶ್ನೆ ಇತ್ತು. ಭಂಡಾರ ಮುಟ್ಟಿ ಅಧ್ಯಕ್ಷೆಯಾದವಳು ಏನು ಮಾಡಬೇಕು ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಊಟಕ್ಕೆ ಎದ್ದರು.

ಭಂಡಾರವೆಂದರೆ ಗುಡಿಯ ಅರಿಷಿಣದ ಪುಡಿ. ನಮ್ಮ ಕಡೆ ಅದನ್ನು ಅಂಗೈಯಲ್ಲಿ ಹಿಡಿದು ಆಣೆ ಮಾಡಿದರೆ ಮುಗಿಯಿತು, ಮುರಿಯುವ ಧೈರ್ಯ ಯಾರಿಗೂ ಇರುವುದಿಲ್ಲ. ಪಂಚಾಯ್ತಿ ಚುನಾವಣೆ ಮುಗಿದು ಅಧ್ಯಕ್ಷರ ಆಯ್ಕೆ ಆಗುವ ತನಕ ಗೆದ್ದ ಸದಸ್ಯರು ಊರಲ್ಲಿ ಕಾಣಿಸುವುದಿಲ್ಲ. ಯಾರೋ ಒಬ್ಬರು ಕ್ರೂಸರ್ ಗಾಡಿ ಮಾಡಿ ದೇವರ ದರ್ಶನಕ್ಕೆ ಕರೆದುಕೊಂಡು ಹೋಗಿರುತ್ತಾರೆ. ಭಕ್ತಿಗೆ ಭಂಗ ಬರಬಾರದೆಂದು ಎಲ್ಲರ ಫೋನುಗಳನ್ನೂ ಇಸಿದುಕೊಂಡಿರುತ್ತಾರೆ. ತಿರುಗಿ ಬಂದವರು ನೇರವಾಗಿ ಗುಡಿಗೆ ಹೋಗಿ ಭಂಡಾರ ಹಿಡಿದು, ಇಂಥವರಿಗೇ ಕೈ ಎತ್ತುತ್ತೇನೆ ಎಂದು ಆಣೆ ಮಾಡುತ್ತಾರೆ. ಆ ಸಲ ಒಬ್ಬ ಸದಸ್ಯ ಎರಡೂ ಗುಂಪಿನವರ ಮುಂದೆ ಭಂಡಾರ ಹಿಡಿದಿದ್ದ. ಆಯ್ಕೆಯ ದಿನ ಅವನಿಗೆ ಹೊಟ್ಟೆ ಕೆಟ್ಟು ಸಭೆಗೇ ಬರಲಾಗಲಿಲ್ಲ. ಊರದೇವಿ ದ್ಯಾಮವ್ವ ಇದ್ದಾಳೆ ಎನ್ನುವುದಕ್ಕೆ ಊರಿನವರಿಗೆ ಅಷ್ಟು ಸಾಕಾಯಿತು. ನಾನು ಒಂದು ಮತದಿಂದ ಗೆದ್ದೆ.

ಆದರೆ ಅದಕ್ಕೆ ಮುಂಚೆ ನನ್ನ ಕೈಗೂ ಭಂಡಾರ ಬಂದಿತ್ತು. ಕೊಟ್ಟವರು ಗುಡಿಯ ಕಮಿಟಿಯ ಹಿರಿಯರೊಬ್ಬರು. ಯಾವ ಪಾರ್ಟಿ ಬಂದರೂ ಹೋದರೂ ಊರಲ್ಲಿ ನಡೆಯುವುದು ಅವರ ಮಾತು. ಗರ್ಭಗುಡಿಯ ಮುಂದೆ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು.

"ತಂಗಿ, ಊರಾಗ ಹೊಸಾದು ಏನ್ ಕಟ್ಟಿದ್ರೂ ಅವ್ವನ್ನ ಕೇಳಿ ಕಟ್ಟಬೇಕು. ಆಕಿ ಬ್ಯಾಡ ಅಂದ್ರ ಬ್ಯಾಡ. ಇಷ್ಟ ಮಾತು ಕೊಡು, ಉಳದದ್ದು ನಾವು ನೋಡ್ಕೋತೀವಿ."

ಕೊಟ್ಟೆ. ಒತ್ತಾಯಕ್ಕೆ ಕೊಟ್ಟೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಾನು ದೇವರಿಲ್ಲ ಎನ್ನುವ ಪೈಕಿ ಅಲ್ಲ. ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದು ದ್ಯಾಮವ್ವನಲ್ಲಿ ಹೂ ಕೇಳಿಯೇ ಸೇರಿಸಿದವಳು. ಅದಾದ ಮೇಲೆ ಪಂಚಾಯ್ತಿ ಆಫೀಸಿನಲ್ಲಿ ಅಧಿಕಾರಿಯ ಮುಂದೆ ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆಂದೂ ಪ್ರಮಾಣ ಮಾಡಿದೆ. ಅದನ್ನೂ ದೇವರ ಹೆಸರಿನಲ್ಲೇ ಮಾಡಿಸಿದರು. ಎರಡೂ ಒಂದಕ್ಕೊಂದು ಅಡ್ಡ ಬರಬಹುದೆಂದು ಆವತ್ತು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ನಾನು ಚುನಾವಣೆಗೆ ನಿಂತದ್ದು ನೀರಿಗಾಗಿ. ನನ್ನ ತವರು ಗಂಗಾವತಿ ಕಡೆಯ ಸಿದ್ದಾಪುರ. ಅಲ್ಲಿ ಕಾಲುವೆ ನೀರು, ಗದ್ದೆ ನೀರು, ರಸ್ತೆಯ ಎರಡೂ ಬದಿ ನೀರು. ಬಟ್ಟೆ ತೊಳೆಯಲು ಕೂತರೆ ನೀರು ಎಷ್ಟು ಖರ್ಚಾಯಿತೆಂದು ಯಾರೂ ನೋಡುತ್ತಿರಲಿಲ್ಲ. ಅಲ್ಲಿಂದ ಮದುವೆಯಾಗಿ ಬಂದದ್ದು ಯಲಬುರ್ಗಾ ಸೀಮೆಯ ಈ ಊರಿಗೆ, ಅದೂ ದಿಬ್ಬದ ಓಣಿಗೆ. ನಮ್ಮ ಊರು ಒಂದು ಇಳಿಜಾರಿನ ಮೇಲೆ ಕೂತಿದೆ. ಕೆಳಗೆ ಅಗಸಿ, ಅಂದರೆ ಊರ ಬಾಗಿಲು. ಅದರ ಹತ್ತಿರ ಹಳೆಯ ನೀರಿನ ಟಾಕಿ. ಮೇಲೆ ದಿಬ್ಬ, ದಿಬ್ಬದ ನೆತ್ತಿಯಲ್ಲಿ ದ್ಯಾಮವ್ವನ ಗುಡಿ, ಗುಡಿಯ ಸುತ್ತ ನಮ್ಮ ಮನೆಗಳು. ಟಾಕಿಯ ನೀರು ಅರ್ಧ ಊರು ಹತ್ತುವಷ್ಟರಲ್ಲಿ ದಣಿದು ನಿಲ್ಲುತ್ತಿತ್ತು. ಮನೆ ಮನೆಗೂ ನಲ್ಲಿ ಕೊಡುವ ಯೋಜನೆ ಬಂದಾಗ ನಮ್ಮ ಓಣಿಗೂ ನಲ್ಲಿ ಬಂತು. ನೀರು ಬರಲಿಲ್ಲ. ಸಿಮೆಂಟು ಹಾಕಿ ಗಟ್ಟಿಯಾಗಿ ನಿಲ್ಲಿಸಿದ್ದ ನಲ್ಲಿ, ಆಡು ಕಟ್ಟಲು ಅನುಕೂಲವಾಯಿತು. ಹೆಂಗಸರು ಮಾತ್ರ ಮೊದಲಿನ ಹಾಗೆ ಅಗಸಿಗೆ ಇಳಿದು ಕೊಡ ಹೊತ್ತು ಹತ್ತುತ್ತಿದ್ದೆವು. ದಿಬ್ಬಕ್ಕೆ ನೀರು ಏರಿಸುತ್ತೇನೆ ಎಂದು ಓಣಿಯ ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿ ವೋಟು ಕೇಳಿದ್ದೆ. ಬೇರೇನೂ ಹೇಳಿರಲಿಲ್ಲ, ಬೇರೇನೂ ಹೊಳೆದಿರಲಿಲ್ಲ.

ಹಾಗೆ ಹೊತ್ತ ನೀರಿನಲ್ಲಿ ಮೊದಲ ಕೊಡ ದ್ಯಾಮವ್ವನದು. ಪೂಜಾರಿ ದೇವಿಗೆ ಎರೆಯುವುದು, ಹೂವಿಗೆ ಚಿಮುಕಿಸುವುದು ಆ ನೀರನ್ನೇ. ಅದನ್ನು ದಿಬ್ಬದ ಓಣಿಯ ಹೆಂಗಸರೇ ತರಬೇಕೆಂಬುದು ಮೊದಲಿನಿಂದ ಬಂದ ಪದ್ಧತಿ. ಹೆಸರಿಗೆ ಪಾಳಿ ಇತ್ತು. ನಮ್ಮ ಅತ್ತೆ ಯಾರ ಪಾಳಿಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ಮೊಣಕಾಲು ಹಿಡಿದಿದ್ದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿದು, ಕೊಡ ತುಂಬಿ, ಯಾರೊಂದಿಗೂ ಮಾತಾಡದೆ ಹತ್ತುತ್ತಿದ್ದರು. ಅವ್ವನ ನೀರು ಹೊತ್ತಾಗ ಮಾತಾಡಬಾರದಂತೆ. ಉಳಿದ ಹೊತ್ತಿನಲ್ಲಿ ಅದನ್ನೆಲ್ಲ ಸೇರಿಸಿ ಮಾತಾಡುತ್ತಿದ್ದರು.

ಅಧ್ಯಕ್ಷೆಯಾದ ಮೇಲೆ ಕೊಪ್ಪಳಕ್ಕೂ ಯಲಬುರ್ಗಾಕ್ಕೂ ಅಲೆದು, ಯಾರ್‍ಯಾರ ಟೇಬಲ್ಲಿನ ಮುಂದೆ ನಿಂತು, ಅಂತೂ ಒಂದು ದೊಡ್ಡ ಟಾಕಿ ಮಂಜೂರು ಮಾಡಿಸಿಕೊಂಡೆ. ಊರಲ್ಲಿ ಜನ ಅದಕ್ಕಾಗಿ ನನ್ನ ಗಂಡನಿಗೆ ಹಾರ ಹಾಕಿದರು. ನಮ್ಮ ಕಡೆ ಅಧ್ಯಕ್ಷೆಯ ಗಂಡನನ್ನೇ ಅಧ್ಯಕ್ಷರು ಅನ್ನುತ್ತಾರೆ. ಅವರೂ ಬೇಡ ಅನ್ನಲಿಲ್ಲ, ಹಾರ ಮನೆಗೆ ತಂದು ಎಮ್ಮೆಗೆ ಹಾಕಿದರು, ಎಮ್ಮೆ ತಿಂದಿತು. ಇಂಜಿನಿಯರು ಬಂದು ಊರೆಲ್ಲ ತಿರುಗಿ ನೋಡಿ, ಗುಡಿಯ ಪಕ್ಕದ ಪಂಚಾಯ್ತಿ ಜಾಗಕ್ಕೆ ಸುಣ್ಣ ಹಾಕಿದರು. ಇಲ್ಲಿ ಕಟ್ಟಿದರೆ ಮಾತ್ರ ದಿಬ್ಬದ ಮನೆಗಳಿಗೂ ನೀರು ಜೋರಾಗಿ ಬರುತ್ತದೆ ಎಂದರು. ನಾನು ಆ ಸುಣ್ಣದ ಗೆರೆಯ ಸುತ್ತ ಒಂದು ಸಲ ಸುಮ್ಮನೆ ನಡೆದೆ. ಖುಷಿಯಾಗಿತ್ತು.

ಮರುದಿನ ಬೆಳಿಗ್ಗೆ ಹಿರಿಯರು ಬಂದು ಕೇಳಿದ್ದು ಒಂದೇ ಮಾತು. ಟಾಕಿಯ ತಲೆ ಎಲ್ಲಿಗೆ ಬರುತ್ತದೆ?

ಇದನ್ನು ಸ್ವಲ್ಪ ಹೇಳಬೇಕು. ನಮ್ಮೂರಲ್ಲಿ ದ್ಯಾಮವ್ವನ ಕಳಸಕ್ಕಿಂತ ಎತ್ತರಕ್ಕೆ ಏನನ್ನೂ ಕಟ್ಟುವಂತಿಲ್ಲ. ದಿಬ್ಬದ ಮೇಲೆ ಮಾಳಿಗೆಯ ಮೇಲೆ ಮಾಳಿಗೆ ಇಲ್ಲ. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡಿ ಬಂದವನೊಬ್ಬ ಮೇಲೊಂದು ಕೋಣೆ ಎಬ್ಬಿಸಿದ್ದ. ಗೃಹಪ್ರವೇಶದ ಹೊತ್ತಿಗೆ ತಾನೇ ಅದನ್ನು ಇಳಿಸಿದ, ಯಾರೂ ಹೇಳಲೇ ಇಲ್ಲ. ಟಿವಿಯ ಡಿಷ್ ಬಂದಾಗ ಹೂ ಕೇಳಿ ಅಪ್ಪಣೆ ಪಡೆದರು. ಮೊಬೈಲ್ ಟವರಿನವರು ಬಂದಾಗ ಕಷ್ಟವಾಯಿತು. ಟವರು ಬೇಕು, ಎತ್ತರ ಇರಬಾರದು. ಕೊನೆಗೆ ಅದನ್ನು ಸರಹದ್ದಿನ ಆಚೆ ಪಕ್ಕದ ಊರಿನ ಹೊಲದಲ್ಲಿ ನಿಲ್ಲಿಸಿದರು. ಅದು ಕಳಸಕ್ಕಿಂತ ಎಷ್ಟೋ ಎತ್ತರ, ಗುಡಿಯ ಕಟ್ಟೆಯ ಮೇಲೆ ಕೂತರೆ ಎದುರಿಗೇ ಕಾಣುತ್ತದೆ. ಆದರೆ ಆ ಹೊಲ ನಮ್ಮೂರಿನದಲ್ಲವಾದ್ದರಿಂದ ಲೆಕ್ಕಕ್ಕಿಲ್ಲ. ಸಿಗ್ನಲ್ ನಮ್ಮೂರಿಗೂ ಬರುತ್ತದೆ, ಅದಕ್ಕೂ ಆಕ್ಷೇಪವಿಲ್ಲ.

ಟಾಕಿಯನ್ನು ಪಕ್ಕದ ಊರಿನಲ್ಲಿ ಕಟ್ಟುವಂತಿರಲಿಲ್ಲ. ಕಾಲು ಗಿಡ್ಡ ಮಾಡಲು ಬರುತ್ತದೆಯೇ ಎಂದು ಇಂಜಿನಿಯರನ್ನು ಕೇಳಿದೆ. ನಕ್ಷೆ ಬದಲಾಯಿಸಬೇಕೆಂದರೆ ಕಾಗದ ಕೊಪ್ಪಳಕ್ಕೆ ಹೋಗಬೇಕು, ಅಲ್ಲಿಂದ ಕಲಬುರಗಿಗೆ ಹೋಗಬೇಕು, ತಿರುಗಿ ಬರುವಷ್ಟರಲ್ಲಿ ನಿಮ್ಮ ಅವಧಿ ಮುಗಿದಿರುತ್ತದೆ ಎಂದರು. ಗುಡಿಯ ಶಿಖರವನ್ನೇ ಎತ್ತರಿಸಿದರೆ ಹೇಗೆ ಎಂದು ನನ್ನ ಗಂಡ ಕೇಳಿದರು. ಅದಕ್ಕೆ ಹಿರಿಯರು, ಶಿಖರ ಮುಟ್ಟಬೇಕಾದರೆ ದೇವಿಯನ್ನು ಗುಡಿಯಿಂದ ಹೊರಗೆ ಇಡಬೇಕು, ಆಕೆ ಮತ್ತೆ ಒಳಗೆ ಬರುವ ತನಕ ಊರಲ್ಲಿ ಒಂದು ಮದುವೆಯೂ ಆಗುವುದಿಲ್ಲ ಎಂದರು. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದವರೆಲ್ಲ ಒಟ್ಟಿಗೆ ತಲೆ ಅಲ್ಲಾಡಿಸಿದರು. ಹಾಗಾಗಿ ಹೂ ಕೇಳುವುದೆಂದು ತೀರ್ಮಾನವಾಯಿತು.

ಅತ್ತೆಗೆ ಇದು ಸರಿಯೆನಿಸಿತು. ಟಾಕಿಗೆ ಮನೆಯೊಳಗೆ ಮೊದಲು ವಿರೋಧ ಮಾಡಿದವರೇ ಅವರು. ನಲವತ್ತು ವರ್ಷದಿಂದ ಹೊತ್ತಿದ್ದೇನೆ, ಇನ್ನು ನಾಲ್ಕು ವರ್ಷ ಹೊತ್ತರೆ ಏನಾಗುತ್ತದೆ, ಅವ್ವನ ತಲೆಯ ಮೇಲೆ ನೀರು ನಿಲ್ಲಿಸಿ ಆ ನೀರು ಕುಡಿಯುವುದೆಂಥದು ಎಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೇಳಿದರು. ಆ ಎಣ್ಣೆಯನ್ನು ತಂದುಕೊಟ್ಟವಳು ನಾನು.

ಹೂ ಕೇಳುವುದೆಂದರೆ ದೇವಿಯ ಮೂರ್ತಿಯ ಎರಡೂ ಹೆಗಲಿಗೆ ಒದ್ದೆ ಹೂವನ್ನು ಅಂಟಿಸಿ ಪ್ರಶ್ನೆ ಕೇಳಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಎಡಗಡೆಯದು ಬಿದ್ದರೆ ಇಲ್ಲ. ಆವತ್ತು ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರಶ್ನೆ ಕೇಳುವ ಹಕ್ಕು ಹಿರಿಯರದು. ಅವರು ಕೈ ಮುಗಿದು ಗಟ್ಟಿಯಾಗಿ ಕೇಳಿದರು.

"ಅವ್ವಾ, ನಿನ್ನ ನೆತ್ತಿ ಮ್ಯಾಲೆ ಟಾಕಿ ಕಟ್ತೀವಿ ಅಂತ ನಿಂತಾರ. ನಿನಗ ಒಪ್ಪಿಗಿ ಐತೇನು?"

ಹಾಗೆ ಕೇಳಿದರೆ ನಾನೂ ಎಡಗಡೆಯ ಹೂವನ್ನೇ ಕೊಡುತ್ತಿದ್ದೆ. ಮಾಮೂಲಿಯಾಗಿ ದ್ಯಾಮವ್ವ ಹೂ ಕೊಡಲು ಭಾಳ ಹೊತ್ತು ತೆಗೆದುಕೊಳ್ಳುತ್ತಾಳೆ, ಜನ ಕೂತು, ಎದ್ದು, ಚಹಾ ಕುಡಿದು ಬರುತ್ತಾರೆ. ಆವತ್ತು ಹಿರಿಯರು ಮುಗಿದ ಕೈ ಇಳಿಸುವಷ್ಟರಲ್ಲಿ ಎಡಗಡೆಯದು ಬಿತ್ತು. ಪೂಜಾರಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. ನಾನೂ ಕೈ ಮುಗಿದೆ. ಆಣೆ ಮಾಡಿದವಳು, ಬೇರೇನು ಮಾಡಲಿ? ಹೊರಗೆ ಬಂದು ಚಪ್ಪಲಿ ಹುಡುಕುವಾಗ ಹೊಳೆಯಿತು, ಆ ಹೂವನ್ನು ಒದ್ದೆ ಮಾಡಿದ ನೀರನ್ನೂ ಬೆಳಿಗ್ಗೆ ನಮ್ಮ ಅತ್ತೆಯೇ ಹೊತ್ತು ತಂದಿದ್ದರು.

ದಿಬ್ಬದ ಓಣಿಯವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೊಡ ಹೊತ್ತು ನಮ್ಮ ಮನೆಯ ಮುಂದೆ ಹಾಯುವಾಗ, ಊಟ ಆಯಿತೇ ಎಂದು ಕೇಳಿ ಹೋಗುತ್ತಿದ್ದರು. ಇಂಜಿನಿಯರು ಮಾತ್ರ ಫೋನು ಮಾಡಿ, ಈ ತಿಂಗಳೊಳಗೆ ಜಾಗದ ಠರಾವು ಬರದಿದ್ದರೆ ಟಾಕಿ ಬೇರೆ ಊರಿಗೆ ಹೋಗುತ್ತದೆ ಎಂದರು. ಮತ್ತೊಮ್ಮೆ ಹೂ ಕೇಳಬಹುದೇ ಎಂದು ಪೂಜಾರಿಯನ್ನು ವಿಚಾರಿಸಿದೆ. ಒಂದೇ ಮಾತನ್ನು ವರ್ಷದಲ್ಲಿ ಎರಡನೇ ಸಲ ಕೇಳಿದರೆ ಅವ್ವನಿಗೆ ಸಿಟ್ಟು ಬರುತ್ತದೆ ಎಂದರು. ಪಾಪದ ಮನುಷ್ಯ, ಅವರಿಗೆ ಈ ತಂಟೆಯೇ ಬೇಡವಾಗಿತ್ತು.

ಅದಾದ ಕೆಲವೇ ದಿನಕ್ಕೆ ಅತ್ತೆ ಬಿದ್ದರು. ಅವ್ವನ ನೀರು ಹೊತ್ತು ಹತ್ತುವಾಗ, ಓಣಿ ತಿರುಗುವಲ್ಲಿ ಚರಂಡಿಯ ಕಲ್ಲಿನ ಮೇಲೆ ಕಾಲು ಜಾರಿತು. ನಾನು ಓಡಿ ಹೋಗುವಷ್ಟರಲ್ಲಿ ಹೆಂಗಸರು ಸೇರಿದ್ದರು. ಅತ್ತೆಗೆ ಏಳಲಾಗುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ, ಕೈಯಿಂದ ಕೊಡದ ಕಡೆ ತೋರಿಸಿದರು. ಕೊಡ ಸೀಳಿ ನೀರೆಲ್ಲ ಹೋಗಿತ್ತು. ಅವ್ವನ ನೀರಿಲ್ಲ ಎಂದು ಗೊತ್ತಾದ ಮೇಲೇ ಅವರು ನರಳಿದ್ದು.

ಆಂಬುಲೆನ್ಸಿನಲ್ಲಿ ಕೊಪ್ಪಳದ ದವಾಖಾನೆಗೆ ಕರೆದುಕೊಂಡು ಹೋದೆವು. ಸೊಂಟದ ಕೆಳಗೆ ಚಪ್ಪೆಯ ಎಲುಬು ಮುರಿದಿದೆ ಎಂದು ಯಲಬುರ್ಗಾದಲ್ಲೇ ಹೇಳಿ ಕಳಿಸಿದ್ದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದವರು ಕೊಪ್ಪಳ ಹತ್ತಿರವಾದಾಗ ಕಣ್ಣು ಬಿಟ್ಟು ನನ್ನ ಸೆರಗು ಹಿಡಿದು ಎಳೆದರು.

"ಯಾರ ಮುಂದೂ ಹೇಳಬ್ಯಾಡ. ಇವತ್ತ ಕೊಡ ಭಾಳ ವಜ್ಜಾ ಆಗಿತ್ತು. ಆ ಟಾಕಿ ಆಗಿದ್ರ ಛಲೋ ಇತ್ತು ಅಂತ ಮನಸ್ಸಿನ್ಯಾಗ ಅಂದೆ. ಅಷ್ಟ. ಅವ್ವ ಕೇಳಿಸ್ಕೊಂಡ್ಲು, ಕೆಡವಿದ್ಲು."

ನನಗೆ ಸಿಟ್ಟು ಬಂತು. ಅಷ್ಟು ಸಿಟ್ಟು ನನಗೆ ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ. ಅತ್ತೆಯ ಮೇಲೆ ಅಲ್ಲ. ದ್ಯಾಮವ್ವನ ಮೇಲೂ ಅಲ್ಲ, ಅವಳು ಹೀಗೆ ಮಾಡುವವಳಲ್ಲ ಎಂದು ನಾನು ನಂಬಿದ್ದೇನೆ. ನಲವತ್ತು ವರ್ಷ ದೇವಿಗೆ ನೀರು ಹೊತ್ತ ಹೆಂಗಸು ಒಂದು ಸಲ ತನಗೆ ನೀರು ಬೇಕೆಂದು ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೇ ತಪ್ಪು ಮಾಡಿದೆ ಎಂದು ಎಲುಬು ಮುರಿದುಕೊಂಡು ಮಲಗಿದ್ದಳು. ಅತ್ತೆಯನ್ನು ಹೀಗೆ ಹೆದರಿಸಿಟ್ಟವರು ಯಾರೆಂದು ನೋಡಿದರೆ ಅದರಲ್ಲಿ ಭಂಡಾರ ಹಿಡಿದ ನಾನೂ ಇದ್ದೆ. ಆಂಬುಲೆನ್ಸಿನಲ್ಲಿ ಸಿಟ್ಟು ಮಾಡಲು ಜಾಗವಿರುವುದಿಲ್ಲ. ಸುಮ್ಮನೆ ಅತ್ತೆಯ ಕಾಲು ಅಲ್ಲಾಡದಂತೆ ಹಿಡಿದು ಕೂತೆ.

ಎಲುಬಿಗೆ ರಾಡು ಹಾಕಿ ಕಳಿಸಿದರು. ಅತ್ತೆ ಮನೆಗೆ ಬಂದ ಮೇಲೆ ಹಿರಿಯರು ಬಾಳೆಹಣ್ಣು ತೆಗೆದುಕೊಂಡು ನೋಡಲು ಬಂದರು. ದಿಬ್ಬ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು, ನೀರು ಕೇಳಿದರು. ಕೊಟ್ಟೆ. ಇನ್ನೊಂದು ತಂಬಿಗೆ ಕೇಳಿದರು. ಅದನ್ನೂ ಕೊಟ್ಟೆ. ಟಾಕಿಯ ಮಾತನ್ನು ನಾನೇ ತೆಗೆದೆ. ಅವರು ಅತ್ತೆ ಮಲಗಿದ್ದ ಕೋಣೆಯ ಕಡೆ ನೋಡಿ, ದನಿ ತಗ್ಗಿಸಿ ತಮ್ಮದೇ ಒಂದು ಕತೆ ಹೇಳಿದರು. ಹರೆಯದಲ್ಲಿ ಅವರು ಗುಡಿಯ ಬೇವಿನ ಕೊಂಬೆಯೊಂದನ್ನು ನೊಗ ಮಾಡಲು ಕಡಿದಿದ್ದರಂತೆ. ಅದೇ ತಿಂಗಳು ಅವರ ಅಣ್ಣ ತೀರಿಕೊಂಡ. ಹೇಳುವಾಗ ಅವರ ಕಣ್ಣು ತುಂಬಿತ್ತು. ಅದುವರೆಗೆ ನಾನು ಅವರದು ರಾಜಕೀಯ ಎಂದುಕೊಂಡಿದ್ದೆ. ರಾಜಕೀಯವಾಗಿದ್ದರೆ ಎದುರಿಸುವುದು ಸಲೀಸಿತ್ತು.

ತಿಂಗಳು ಮುಗಿಯುವ ಮೊದಲು ಪಂಚಾಯ್ತಿಯ ಸಾಮಾನ್ಯ ಸಭೆ ಕರೆದೆ. ಗಂಡನಿಗೆ ಹೊರಗೆ ಕೂರಲು ಹೇಳಿದೆ. ಅವರು ಸ್ವಲ್ಪ ನೊಂದುಕೊಂಡು ಹೊರಗೆ ಕೂತರು. ಸಭೆಗೆ ಗುಡಿಯ ಕಮಿಟಿಯವರೂ ಬಂದು ಹಿಂದಿನ ಬೆಂಚಿನ ಮೇಲೆ ಕೂತಿದ್ದರು. ಕಂಪ್ಯೂಟರಿನ ಹಣೆಯಲ್ಲಿ ಆಯುಧಪೂಜೆಯ ವಿಭೂತಿ ಇನ್ನೂ ಇತ್ತು. ಟಾಕಿಯ ವಿಷಯ ಬಂದಾಗ ಸದಸ್ಯರೆಲ್ಲ ನೆಲ ನೋಡತೊಡಗಿದರು. ನಾನು ಎದ್ದು ನಿಂತು ಹೇಳಿದೆ.

"ಅವ್ವನ್ನ ಕೇಳಿ ಆಗೈತಿ, ಆಕಿ ಒಲ್ಲೆ ಅಂದಾಳ. ಆದ್ರೂ ಟಾಕಿ ಅಲ್ಲೇ ಕಟ್ಟಬೇಕು ಅಂತ ನಾ ಹೇಳ್ತೀನಿ. ಭಂಡಾರ ಹಿಡಿದಾಕಿ ನಾನು. ಬರೂದು ಏನಿದ್ರೂ ನನಗ ಬರ್ಲಿ, ನಿಮಗ್ಯಾರಿಗೂ ಬ್ಯಾಡ."

ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಗಂಡ, ಮಕ್ಕಳು ಇದ್ದರು. ಹೇಳಿ ಮುಗಿಸಿ ಕೂತೆ. ಆಮೇಲೆ ಒಬ್ಬೊಬ್ಬರದಾಗಿ ಕೈಗಳು ಮೇಲೆ ಬಂದವು. ನನ್ನ ವಿರುದ್ಧದ ಗುಂಪಿನವರ ಕೈಗಳೂ ಬಂದವು. ಎರಡು ಕಡೆ ಭಂಡಾರ ಹಿಡಿದಿದ್ದನಲ್ಲ, ಅವನ ಕೈ ಎಲ್ಲರಿಗಿಂತ ಎತ್ತರಕ್ಕಿತ್ತು. ಎಲ್ಲರಿಗೂ ನೀರು ಬೇಕಾಗಿತ್ತು, ಪಾಪ ಮಾತ್ರ ಯಾರಿಗೂ ಬೇಡವಾಗಿತ್ತು. ಪಾಪ ಒಬ್ಬಳ ತಲೆಗೆ ಬಂದ ಕೂಡಲೇ ಠರಾವು ಸರ್ವಾನುಮತದಿಂದ ಪಾಸಾಯಿತು. ಹಿಂದಿನ ಬೆಂಚಿನಿಂದ ಹಿರಿಯರು ಎದ್ದು, ನನ್ನ ಹತ್ತಿರ ಬಂದು, ತಲೆಯ ಮೇಲೆ ಕೈ ಇಟ್ಟು ಹೋದರು. ಬೈಯುತ್ತಾರೆ ಎಂದು ತಯಾರಾಗಿದ್ದವಳಿಗೆ ಅದು ಇನ್ನೂ ಕಷ್ಟವಾಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಆ ದಿನ ನಾನು ಕೊಟ್ಟ ಅಂಬಲಿ ಕುಡಿಯಲಿಲ್ಲ.

ಅಲ್ಲಿಂದ ಊರು ಕಾಯತೊಡಗಿತು. ನನಗೆ ಏನಾಗುತ್ತದೆ ಎಂದು. ಯಾರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ, ಏನಾಗುತ್ತದೆಂದು ಗೊತ್ತಾದರೆ ಸಾಕಿತ್ತು. ನನಗೆ ನೆಗಡಿಯಾದಾಗ ಮೂರು ಓಣಿಯಿಂದ ಹೆಂಗಸರು ನೋಡಿ ಮಾತಾಡಿಸಿ ಹೋದರು. ಎಮ್ಮೆ ಹಾಲು ಕಡಿಮೆ ಮಾಡಿತು, ಅದು ಗಬ್ಬವಾಗಿತ್ತು, ಆದರೂ ಸುದ್ದಿಯಾಯಿತು. ಗಂಡನ ಟ್ರ್ಯಾಕ್ಟರಿನ ಟೈರು ಒಡೆದದ್ದು ಅಗಸಿಯ ಚಹಾ ಅಂಗಡಿಯಲ್ಲಿ ಎರಡು ದಿನ ನಡೆಯಿತು. ಮಗಳು ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕು ತೆಗೆದಾಗ ಮಾತ್ರ ಯಾರೂ ಮನೆಗೆ ಬರಲಿಲ್ಲ. ಹಿರಿಯರು ಯಾವುದೋ ಮಠದಿಂದ ತಾಯಿತ ತಂದು ಕೊಟ್ಟರು. ಕಟ್ಟಿಕೊಂಡೆ. ಸಂವಿಧಾನಕ್ಕೆಂದು ಮಾಡಿದ ಪ್ರಮಾಣವನ್ನು ತಾಲೂಕಿನಲ್ಲಿ ಎಷ್ಟೋ ಜನ ಮುರಿದಿದ್ದಾರೆ, ಅವರಲ್ಲಿ ಒಬ್ಬರ ಎಮ್ಮೆಯ ಬಗ್ಗೆಯಾದರೂ ಯಾರೂ ವಿಚಾರಿಸಿದ್ದನ್ನು ನಾನು ಕಾಣೆ.

ಆಗ ಆ ತರಬೇತಿಯ ಸಾಹೇಬರು ನೆನಪಾಗುತ್ತಿದ್ದರು. ಆಡಳಿತದೊಳಗೆ ಧರ್ಮ ಬರಬಾರದು ಎಂದು ಅವರು ಹೇಳಿದ್ದರಲ್ಲ, ಬಾಗಿಲಲ್ಲಿ ನಿಲ್ಲಿಸಲು ಅದೇನು ಹೊರಗಿನಿಂದ ಬರುವ ಸಾಮಾನೇ? ನನ್ನ ಜೊತೆಗೇ ಒಳಗೆ ಬಂದು ಕುರ್ಚಿಯಲ್ಲಿ ಕೂತಿತ್ತು. ನಾನು ಅದನ್ನು ಹೊರಗೆ ಹಾಕಲೂ ಇಲ್ಲ. ಆಣೆ ಮುರಿದೆ, ಆದರೆ ದ್ಯಾಮವ್ವನನ್ನು ಬಿಡಲಿಲ್ಲ. ಅತ್ತೆಯ ಪಾಳಿಯ ಕೊಡವನ್ನು ಟಾಕಿ ಆಗುವ ತನಕ ನಾನೇ ಹೊತ್ತೆ, ಮಾತಾಡದೆ. ನನಗೆ ತಿಳಿದದ್ದು ಇಷ್ಟೇ. ನನ್ನ ಮನೆಯ ವಿಷಯವನ್ನು ನಾನು ಹೂವಿಗೆ ಬಿಡಬಹುದು, ತಪ್ಪಾದರೆ ನಾನು ಅನುಭವಿಸುತ್ತೇನೆ. ಓಣಿಯ ನೀರನ್ನು ಹೂವಿಗೆ ಬಿಟ್ಟರೆ, ತಪ್ಪಾದಾಗ ಬೀಳುವವರು ಬೇರೆ ಯಾರೋ ಆಗಿರುತ್ತಾರೆ. ಅವರು ಬಿದ್ದದ್ದಕ್ಕೂ ನಾವು ದೇವಿಯ ಹೆಸರು ಹೇಳುತ್ತೇವೆ, ಅಷ್ಟಕ್ಕೆ ಎಲ್ಲರೂ ಸುಮ್ಮನಾಗುತ್ತಾರೆ.

ಟಾಕಿಯ ಕೆಲಸ ಹಿಡಿದ ಗುತ್ತಿಗೆದಾರ ಶ್ರೀರಾಮನಗರದವನು, ಅರ್ಧ ಕನ್ನಡ ಅರ್ಧ ತೆಲುಗು. ನಮ್ಮೂರಿನ ಕತೆ ಅವನ ಕಿವಿಗೂ ಬಿದ್ದಿತ್ತು. ಪಾಯ ತೋಡುವ ಮೊದಲು ಕೋಳಿ, ಕುಂಬಳಕಾಯಿ, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ತಂದು, ಯಾವ ದೇವರಿಗೂ ಕಡಿಮೆಯಾಗದಂತೆ ನೋಡಿಕೊಂಡ. ಕೆಲಸ ಬೇಗ ಮುಗಿಸಿದ, ಇಲ್ಲಿ ಹೆಚ್ಚು ದಿನ ಇರಲು ಅವನಿಗೆ ಇಷ್ಟವಿರಲಿಲ್ಲ. ಉದ್ಘಾಟನೆಗೆ ಸಾಹೇಬರುಗಳು ಪಂಚಾಂಗ ನೋಡಿಸಿ ಹೊತ್ತು ಇಟ್ಟುಕೊಂಡು ಬಂದರು. ನೀರಿಗೆ ಜಾತಿ ಧರ್ಮ ಇಲ್ಲ ಎಂದು ಭಾಷಣ ಮಾಡಿ, ರಾಹುಕಾಲ ಬರುವ ಮೊದಲು ಗುಂಡಿ ಒತ್ತಿದರು. ಹಿರಿಯರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಟಾಕಿಯ ಕಡೆ ಮಾತ್ರ ತಲೆ ಎತ್ತಲಿಲ್ಲ.

ದಿಬ್ಬಕ್ಕೆ ನೀರು ಬಂದದ್ದು ಮರುದಿನ ಬೆಳಿಗ್ಗೆ. ಮೊದಲು ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಜೋರಾಗಿ ಬಂತು. ಕಟ್ಟಿದ್ದ ಆಡು ಹೆದರಿ ಹಗ್ಗ ಹರಿದುಕೊಂಡು ಓಡಿತು. ಓಣಿಯ ತುಂಬ ಕೊಡದ ಸದ್ದು. ಎದುರು ಮನೆಯ ಹೆಂಗಸು ನೀರನ್ನು ಅಂಗಳಕ್ಕೆ ಸುಮ್ಮನೆ ಚೆಲ್ಲುತ್ತಾ ನಿಂತಿದ್ದಳು, ಚೆಲ್ಲುವುದು ಹೇಗಿರುತ್ತದೆ ನೋಡೋಣ ಎಂದಳು. ನಾನು ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ.

ಒಳಗಿನಿಂದ ಅತ್ತೆ ಕೋಲೂರಿಕೊಂಡು ಹೊರಗೆ ಬಂದರು. ಠರಾವಿನ ದಿನದಿಂದ ಟಾಕಿಯ ಬಗ್ಗೆ ಅವರು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿಸಿ, ನಲ್ಲಿಯ ಕೆಳಗೆ ಹಿಡಿಸಿ, ಗುಡಿಗೆ ಕರೆದುಕೊಂಡು ಹೋಗು ಎಂದು ಸನ್ನೆ ಮಾಡಿದರು. ಅವ್ವನ ನೀರು ಜೊತೆಗಿದೆ, ಬಾಯಿ ಬಿಡುವಂತಿಲ್ಲ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಅವರ ರಟ್ಟೆ ಹಿಡಿದು ನಡೆದೆ. ಹತ್ತೇ ಮನೆಯ ದೂರ, ಭಾಳ ಹೊತ್ತು ಹಿಡಿಯಿತು. ನನ್ನ ತಪ್ಪಿಗೆ ಕ್ಷಮೆ ಕೇಳಿಸಲು ಕರೆದೊಯ್ಯುತ್ತಿದ್ದಾರೆ ಎಂದುಕೊಂಡೆ. ಕೇಳಲು ನಾನೂ ತಯಾರಿದ್ದೆ.

ಪೂಜಾರಿ ನೀರು ತೆಗೆದುಕೊಂಡು ಒಳಗೆ ಹೋಗಿ, ದೇವಿಗೆ ಎರೆದು, ಹೆಗಲಿಗೆ ಒದ್ದೆ ಹೂ ಇಟ್ಟರು. ಅತ್ತೆಗೆ ಕೂರಲು ಬರುತ್ತಿರಲಿಲ್ಲ, ಕೈ ಮುಗಿಯಲು ಕೋಲು ಬಿಡುವಂತಿರಲಿಲ್ಲ. ನಿಂತೇ ಮಾತಾಡಿದರು.

"ಅವ್ವಾ, ಮಾತು ಮುರದಾಕಿ ಈಕಿ, ಬಿದ್ದಾಕಿ ನಾನು. ನಾ ಮೊದ್ಲ ಬಿದ್ದೀನಿ. ಅದನ್ನ ಈಕಿ ಹೆಸರಿಗೆ ಹಿಡಕೋ. ಇನ್ನ ಈಕಿ ತಂಟೆಕ ಬರಬ್ಯಾಡ."

ಪೂಜಾರಿ ರೂಢಿಯಂತೆ ದೇವಿಯ ಹೆಗಲಿನ ಹೂವಿನ ಕಡೆ ನೋಡಿದರು. ನಾನೂ ನೋಡಿದೆ. ಅತ್ತೆ ಆ ಕಡೆ ನೋಡಲಿಲ್ಲ, ಕೋಲು ತಿರುಗಿಸಿ ಹೊರಗೆ ಹೊರಟಿದ್ದರು. ಪೂಜಾರಿ ಹಿಂದಿನಿಂದ, ತಡಿಯವ್ವಾ, ಹೂ ಇನ್ನೂ ಬಿದ್ದಿಲ್ಲ ಎಂದರು.

"ನಾ ಕೇಳಾಕ ಬಂದಿಲ್ಲೋ ಯಪ್ಪಾ," ಎಂದರು ಅತ್ತೆ. "ಹೇಳಾಕ ಬಂದಿದ್ದೆ."

ಹೊಸ್ತಿಲು ದಾಟುವಾಗ ಅವರ ರಟ್ಟೆ ಹಿಡಿಯಲು ಹೋದೆ. ನನ್ನ ಕೈ ಸರಿಸಿ, ತಾವೇ ನನ್ನ ರಟ್ಟೆ ಹಿಡಿದುಕೊಂಡು, ನಲ್ಲಿ ಬಂದ್ ಮಾಡಿ ಬಂದಿಯೋ ಇಲ್ಲವೋ ಎಂದು ಕೇಳಿದರು.